ಬಿಸಿಲು ಬೀಳದ ಸಂದಿಗೆ ಮಾಂಡೊ ಹುಲ್ಲು

ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಎದ್ದ ಮೇಲೆ ಉಳಿಯುವ ಮಣ್ಣು ಎಷ್ಟು? ಗೇಟಿನ ಪಕ್ಕ ಒಂದಿಷ್ಟು, ಕಾಂಪೌಂಡಿಗೂ ಮನೆ ಗೋಡೆಗೂ ನಡುವೆ ಮೂರಡಿ ಸಂದಿ. ಆ ಸಂದಿಗೆ ದಿನಕ್ಕೆ ಒಂದೆರಡು ಗಂಟೆ ಬಿಸಿಲು ಬಿದ್ದರೆ ಹೆಚ್ಚು, ಅದೂ ಪಕ್ಕದವರು ಮೂರನೇ ಮಹಡಿ ಎಬ್ಬಿಸುವ ತನಕ. ಅಲ್ಲಿ ಲಾನ್ ಹಾಕಿಸಿದವರ ಪಾಡು ಎಲ್ಲ ಬಡಾವಣೆಯಲ್ಲೂ ಒಂದೇ. ಹಾಸಿದ ವಾರ ಕಣ್ಣಿಗೆ ಹಬ್ಬ, ಮೂರು ತಿಂಗಳಿಗೆ ಅಲ್ಲಲ್ಲಿ ಬೋಳು, ಮಳೆಗಾಲದಲ್ಲಿ ಪಾಚಿ, ಕೊನೆಗೆ ಬೇಸತ್ತು ಟೈಲ್ಸ್. ಲಾನಿಗೆ ಬಳಸುವ ಹುಲ್ಲುಗಳಿಗೆ, ಮೆಕ್ಸಿಕನ್ ಆಗಲಿ ಬರ್ಮುಡಾ ಆಗಲಿ, ಬಿಸಿಲು ಬೇಕೇ ಬೇಕು. ಅದನ್ನು ಗೊಬ್ಬರ ಹಾಕಿ ತುಂಬಿಸಿಕೊಡಲು ಆಗುವುದಿಲ್ಲ.

ಇಂಥ ಜಾಗಕ್ಕೆ ಹೇಳಿಮಾಡಿಸಿದಂತಿರುವುದು ಮಾಂಡೊ. ನರ್ಸರಿಗಳಲ್ಲಿ ಮಾಂಡೊ ಗ್ರಾಸ್ ಎಂದರೆ ಎಲ್ಲರಿಗೂ ಗೊತ್ತು. ಸಸ್ಯಶಾಸ್ತ್ರದವರಿಗೆ ಅದು ಓಫಿಯೋಪೋಗಾನ್ ಜಪೋನಿಕಸ್. ಚೀನಾ, ಜಪಾನ್, ಕೊರಿಯಾಗಳ ಕಾಡಿನ ನೆರಳಿನಲ್ಲಿ ಹುಟ್ಟಿ ಬೆಳೆದದ್ದು. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಇದರ ಬೇರಿನ ಪುಟ್ಟ ಗೆಡ್ಡೆಗಳು ಕೆಮ್ಮಿನ ಔಷಧಿಗೆ ಹೋಗುತ್ತವೆ. ಇದರ ಹತ್ತಿರದ ಬಂಧುವೊಂದು, ಓಫಿಯೋಪೋಗಾನ್ ಇಂಟರ್ಮೀಡಿಯಸ್, ನಮ್ಮ ಪಶ್ಚಿಮ ಘಟ್ಟದಲ್ಲೂ ತಾನಾಗಿ ಬೆಳೆಯುತ್ತದೆ. ಹಾಗಾಗಿ ಈ ಕುಲ ನಮ್ಮ ನೆಲಕ್ಕೆ ತೀರಾ ಹೊಸಬನೇನಲ್ಲ.

ನೋಡಲು ಹುಲ್ಲು, ಆದರೆ ಹುಲ್ಲಿನ ಜಾತಿಗೆ ಸೇರಿದ್ದಲ್ಲ. ಇದು ಶತಾವರಿಯ ಕುಟುಂಬದ್ದು. ಇದನ್ನು ತಿಳಿದುಕೊಂಡರೆ ಮುಂದಿನ ಆರೈಕೆ ಅರ್ಧ ತಿಳಿದಂತೆ. ಗರಿಕೆಯ ಹಾಗೆ ಗೆಣ್ಣುಗೆಣ್ಣಿಗೆ ಬೇರು ಬಿಟ್ಟು ಓಡುವುದಿಲ್ಲ, ಬುಡದಿಂದಲೇ ಎಲೆ ತಳ್ಳುತ್ತ ನಿಧಾನವಾಗಿ ಅಗಲವಾಗುತ್ತದೆ. ವಾರವಾರ ಕತ್ತರಿಸುವ ಕೆಲಸವಿಲ್ಲ. ಹಾಗೆಯೇ ಮಕ್ಕಳು ಅದರ ಮೇಲೆ ಕ್ರಿಕೆಟ್ ಆಡಿದರೆ ಅದು ತಡೆದುಕೊಳ್ಳುವುದೂ ಇಲ್ಲ. ಒಂದು ತಿಂಗಳಲ್ಲಿ ಹಸಿರು ಹಾಸು ಬೇಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಸಾಧಾರಣ ಮಾಂಡೊ ನೆಲ ಮುಚ್ಚಲು ಒಂದೂವರೆ-ಎರಡು ವರ್ಷ, ಕುಳ್ಳ ಜಾತಿ ಇನ್ನೂ ಹೆಚ್ಚು ತೆಗೆದುಕೊಳ್ಳುತ್ತದೆ.

ನರ್ಸರಿಯಲ್ಲಿ ಏನು ಕೇಳಬೇಕು

"ಮಾಂಡೊ ಕೊಡಿ" ಎಂದರೆ ಕೈಗೆ ನಾಲ್ಕು ಬಗೆಯ ಗಿಡ ಬರಬಹುದು.

ಸಾಧಾರಣ ಮಾಂಡೊ ಎಂಟು-ಹತ್ತು ಇಂಚು ಎತ್ತರ, ಎಲೆ ದಾರದಷ್ಟು ಸಣ್ಣ, ಕಡು ಹಸಿರು. ಸಂದಿಗೆ, ಮರದ ಬುಡಕ್ಕೆ, ಮೆಟ್ಟಿಲ ಪಕ್ಕಕ್ಕೆ ಇದೇ ಸರಿ. ಕುಳ್ಳ ಮಾಂಡೊ, ಅಂದರೆ ಡ್ವಾರ್ಫ್, ಎರಡರಿಂದ ನಾಲ್ಕು ಇಂಚು. ಹಾಸುಗಲ್ಲುಗಳ ನಡುವಿನ ಸಂದು ತುಂಬಲು ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಆದರೆ ಇಡೀ ಅಂಗಳಕ್ಕೆ ಹಾಕಲು ಹೊರಟರೆ ಕಿಸೆಯೂ ತಾಳ್ಮೆಯೂ ಒಟ್ಟಿಗೆ ಖಾಲಿಯಾಗುತ್ತವೆ. ಬಿಳಿ ಗೆರೆಯ ಮಾಂಡೊ ನೆರಳಿನ ಮೂಲೆಗೆ ಬೆಳಕು ತರುತ್ತದೆ ನಿಜ, ಆದರೆ ಬಿಸಿಲಿಗೆ ಎಲ್ಲಕ್ಕಿಂತ ಬೇಗ ಸುಡುವುದೂ ಅದೇ. ಕಪ್ಪು ಮಾಂಡೊ ಎಂಬುದು ಬೇರೆಯೇ ಜಾತಿ. ತಂಪು ಹವೆಯದು, ಬಲು ನಿಧಾನ. ನೂರು ಗಿಡ ನೆಟ್ಟು ಕಾಯುವುದಕ್ಕಿಂತ ಒಂದು ಕುಂಡದಲ್ಲಿಟ್ಟು ನೋಡಿ ಸಂತೋಷಪಡುವುದು ಮೇಲು.

ಇದರ ಜೊತೆಗೆ ಲಿರಿಯೋಪ್ ಎಂಬ ಸೋದರ ಸಂಬಂಧಿಯನ್ನೂ ಮಾಂಡೊ ಎಂದೇ ಮಾರುತ್ತಾರೆ. ಎಲೆ ಹಿಡಿದು ನೋಡಿ. ಬೆರಳಿನ ಉಗುರಿನಷ್ಟು ಅಗಲವಿದ್ದು, ಗಿಡ ಒಂದಡಿಗಿಂತ ಎತ್ತರವಿದ್ದರೆ ಅದು ಲಿರಿಯೋಪ್. ಹೂ ಬಿಟ್ಟಾಗ ಅನುಮಾನವೇ ಉಳಿಯುವುದಿಲ್ಲ. ಲಿರಿಯೋಪಿನ ನೇರಳೆ ಹೂಗೊಂಚಲು ಎಲೆಗಳ ಮೇಲೆ ಎದ್ದು ನಿಲ್ಲುತ್ತದೆ, ಕಾಯಿ ಕಪ್ಪು. ಮಾಂಡೊದ ಬಿಳಿ-ತಿಳಿನೇರಳೆ ಹೂಗಳು ಎಲೆಯೊಳಗೇ ತಲೆತಗ್ಗಿಸಿ ಅಡಗಿರುತ್ತವೆ, ಕಾಯಿ ಮಾತ್ರ ಬೆರಗಾಗುವಷ್ಟು ನೀಲಿ. ಲಿರಿಯೋಪ್ ಕೆಟ್ಟ ಗಿಡವಲ್ಲ. ಬೆಳಗಿನ ಬಿಸಿಲು ಸ್ವಲ್ಪ ಹೆಚ್ಚಿರುವ ಅಂಚಿಗೆ ಅದೇ ಮಾಂಡೊಗಿಂತ ಗಟ್ಟಿ. ಅದರಲ್ಲೂ ಲಿರಿಯೋಪ್ ಸ್ಪೈಕೇಟಾ ಎಂಬುದು ಮಣ್ಣೊಳಗೆ ಬಳ್ಳಿ ಹಾಯಿಸಿ ಹೇಳಿದ ಗಡಿಯಲ್ಲಿ ನಿಲ್ಲುವುದಿಲ್ಲ. ಅದನ್ನು ತರುವ ಮುನ್ನ ಎರಡು ಸಲ ಯೋಚಿಸಿ.

ಕೊಳ್ಳುವಾಗ ಕವರಿನ ತಳ ನೋಡಿ. ಬಿಳಿ ಬೇರು ತೂತಿನಿಂದ ಇಣುಕುತ್ತಿದ್ದರೆ ಒಳ್ಳೆಯದು, ಒಳಗೆ ಗಿಡ ತುಂಬಿದೆ ಎಂದರ್ಥ. ಎಲೆ ಬುಡದಲ್ಲಿ ಬಿಳಿ ಚುಕ್ಕಿಯಂಥ ಹೊಟ್ಟು ಅಂಟಿದ್ದರೆ ಶಲ್ಕ ಕೀಟ. ಅಂಥದನ್ನು ಅಲ್ಲೇ ಬಿಟ್ಟು ಬನ್ನಿ. ಲಾಲ್‌ಬಾಗಿನ ಜನವರಿ, ಆಗಸ್ಟ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ನೋಡಿಕೊಂಡು ಬರಬಹುದು, ಆದರೆ ನೂರಾರು ಬೇಕಿದ್ದರೆ ಊರ ಹೊರಗಿನ ನರ್ಸರಿಯಲ್ಲಿ ಸಗಟು ದರ ಕೇಳುವುದೇ ಸರಿ.

ಮೊದಲು ಜಾಗ

ಒಂದು ರಜೆಯ ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಆ ಜಾಗಕ್ಕೆ ಹೋಗಿ ಬಿಸಿಲು ಎಲ್ಲಿಂದ ಎಲ್ಲಿಗೆ ಬರುತ್ತದೆ ನೋಡಿ. ಬೆಳಗಿನ ಎಳೆಬಿಸಿಲು ಎರಡು-ಮೂರು ಗಂಟೆ ಬಿದ್ದರೆ ಲಾಭವೇ. ಮಧ್ಯಾಹ್ನ ಹನ್ನೆರಡರಿಂದ ಮೂರರ ಬಿಸಿಲು ನೇರ ಬೀಳುವ ಪಡುವಣ ಗೋಡೆಯ ಬುಡ ಇದಕ್ಕಲ್ಲ. ಬೆಂಗಳೂರು, ಮೈಸೂರಿನ ಮಾರ್ಚ್-ಏಪ್ರಿಲ್ ತಿಂಗಳಲ್ಲಿ ಗೋಡೆ ಹೀರಿಕೊಂಡ ಕಾವು ರಾತ್ರಿಯವರೆಗೂ ಬುಡಕ್ಕೆ ಹೊಡೆಯುತ್ತದೆ. ನೀರು ಎಷ್ಟು ಹಾಕಿದರೂ ತುದಿ ಸುಟ್ಟೇ ಸುಡುತ್ತದೆ.

ಮರದ ಕೆಳಗಾದರೆ ಮರ ಯಾವುದು ಎಂಬುದೂ ಮುಖ್ಯ. ಮಾವು, ಸಂಪಿಗೆಯ ಕೆಳಗೆ ಚೆನ್ನಾಗಿ ಬರುತ್ತದೆ. ಹೊಂಗೆಯ ಕೆಳಗೂ ಬರುತ್ತದೆ, ಆದರೆ ಬೇಸಿಗೆಯ ಬಾಗಿಲಲ್ಲಿ ಹೊಂಗೆ ಎಲೆ ಉದುರಿಸಿದಾಗ ಮಾಂಡೊ ಒಳಗೆ ಸಿಕ್ಕಿಕೊಂಡ ತರಗೆಲೆ ಹೆಕ್ಕುವವರ ಸೊಂಟ ಬೀಳುತ್ತದೆ. ತೆಳುವಾಗಿದ್ದರೆ ಬಿಟ್ಟುಬಿಡಿ, ಕೊಳೆತು ಗೊಬ್ಬರವಾಗುತ್ತದೆ. ಗಿಡ ಕಾಣದಷ್ಟು ದಪ್ಪ ಬಿದ್ದರೆ ಮಾತ್ರ ಬಿದಿರಿನ ಹಗುರ ಪೊರಕೆಯಿಂದ ಎಳೆದು ತೆಗೆಯಿರಿ.

ಇನ್ನು ಸಂದಿಯಲ್ಲಿ ಚರಂಡಿಯ ಚೇಂಬರ್, ಸಂಪಿನ ಮುಚ್ಚಳ, ನೀರಿನ ಮೀಟರ್ ಇದ್ದೇ ಇರುತ್ತವೆ. ಅವುಗಳ ಸುತ್ತ ಒಂದಡಿ ಬಿಟ್ಟು ನೆಡಿ. ಚೇಂಬರ್ ಕಟ್ಟಿಕೊಂಡ ದಿನ ಬರುವ ಪ್ಲಂಬರ್ ನಿಮ್ಮ ಮಾಂಡೊ ನೋಡಿ ಕಾಲಿಡುವವನಲ್ಲ. ಮನೆ ಗೋಡೆಯಿಂದಲೂ ಆರು ಇಂಚು ಬಿಟ್ಟು, ಆ ಪಟ್ಟಿಗೆ ಬೆಣಚುಕಲ್ಲು ಹಾಕಿ. ಗೋಡೆಗೆ ಒರಗಿಸಿ ಮಣ್ಣು ಏರಿಸಿ ದಿನಾ ನೀರು ಬಿಟ್ಟರೆ ಒಳಗಿನ ಕೋಣೆಯ ಬಣ್ಣ ಸಿಪ್ಪೆ ಏಳುತ್ತದೆ. ನೆಲದ ಇಳಿಜಾರು ಮನೆಯಿಂದ ಕಾಂಪೌಂಡಿನ ಕಡೆಗಿರಲಿ.

ಮಣ್ಣು, ಅಂದರೆ ಗಾರೆಯ ಮಿಕ್ಕಿದ್ದು

ಕೆಲಸವೆಲ್ಲ ಇರುವುದು ಇಲ್ಲೇ. ಮನೆ ಕಟ್ಟುವಾಗ ಆ ಸಂದಿಯಲ್ಲಿ ಏನೇನು ಬಿದ್ದಿರುತ್ತದೆ ಎಂದು ಒಂದು ಸನಿಕೆ ಹಾಕಿ ನೋಡಿದರೆ ತಿಳಿಯುತ್ತದೆ: ಒಡೆದ ಇಟ್ಟಿಗೆ, ಜಲ್ಲಿ, ಟೈಲ್ಸ್ ಚೂರು, ವೈರಿನ ತುಂಡು, ಪ್ಲಾಸ್ಟರಿಂಗ್ ಮಾಡುವಾಗ ಉದುರಿ ಗಟ್ಟಿಯಾದ ಸಿಮೆಂಟು. ಮೇಲೆ ಎರಡು ಇಂಚು ಕೆಂಪು ಮಣ್ಣು ಹರಡಿ ಕೈತೊಳೆದುಕೊಂಡಿರುತ್ತಾರೆ. ಮಾಂಡೊಗೆ ಸ್ವಲ್ಪ ಹುಳಿ ಗುಣದ ಮಣ್ಣು ಇಷ್ಟ, ಪಿಎಚ್ ಐದೂವರೆಯಿಂದ ಆರೂವರೆ. ಸಿಮೆಂಟಿನ ಸುಣ್ಣ ಮಣ್ಣನ್ನು ತಿರುಗಾಮುರುಗಾ ಕ್ಷಾರದ ಕಡೆಗೆ ಎಳೆಯುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ, ಎಳೆಯ ಎಲೆ ಹಳದಿಯಾಗಿಯೇ ಹುಟ್ಟುತ್ತದೆ. "ಗೊಬ್ಬರ ಹಾಕಿದೆ, ನೀರು ಹಾಕಿದೆ, ಆದರೂ ಹಳದಿ" ಎನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಮೇಸ್ತ್ರಿ ಬಿಟ್ಟುಹೋದ ಗಾರೆ.

ಪರೀಕ್ಷೆ ಸುಲಭ. ಆರು ಇಂಚು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಒಣಗಿಸಿ, ಒಂದು ಬಟ್ಟಲಲ್ಲಿ ಹಾಕಿ ಮೇಲೆ ಎರಡು ಚಮಚ ವಿನೆಗರ್ ಸುರಿಯಿರಿ. ಸುಮ್ಮನೆ ಹೀರಿಕೊಂಡರೆ ಚಿಂತೆಯಿಲ್ಲ. ಬುಸಬುಸ ನೊರೆ ಎದ್ದರೆ ಸುಣ್ಣ ತುಂಬಿದೆ. ಅಂಥ ಮಣ್ಣಿಗೆ ಔಷಧಿ ಹುಡುಕುವುದಕ್ಕಿಂತ ಅದನ್ನೇ ತೆಗೆದುಹಾಕುವುದು ಒಳ್ಳೆಯದು.

ಇನ್ನೊಂದು ಪರೀಕ್ಷೆ ನೀರಿನದು. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ. ಎರಡನೆಯ ಸಲದ ನೀರು ಮೂರು-ನಾಲ್ಕು ಗಂಟೆ ಕಳೆದರೂ ಅರ್ಧ ಗುಂಡಿ ನಿಂತಿದ್ದರೆ ಕೆಳಗೆ ಕಲ್ಲುಮಣ್ಣು ದಿಮ್ಮಸ್ಸು ಹೊಡೆದಂತೆ ಕೂತಿದೆ. ಹಾರೆ ಹಾಕಿ ಆ ಪದರ ಒಡೆಯಬೇಕು, ಇಲ್ಲವೇ ಸುತ್ತ ಒಂದು ಸಾಲು ಇಟ್ಟಿಗೆ ಕಟ್ಟಿ ಮಡಿಯನ್ನು ನಾಲ್ಕು ಇಂಚು ಏರಿಸಬೇಕು. ಮಾಂಡೊ ನೆರಳು ತಡೆಯುತ್ತದೆ, ಬರಗಾಲವನ್ನೂ ಒಂದು ಮಟ್ಟಿಗೆ ತಡೆಯುತ್ತದೆ. ನೀರು ನಿಂತರೆ ಮಾತ್ರ ಬುಡ ಕೊಳೆತು ಸಾಯುತ್ತದೆ.

ಎಂಟು ಇಂಚು ಆಳ ಅಗೆದು ಕಸಕಲ್ಲು ತೆಗೆಯಿರಿ. ತುಂಬುವ ಮಿಶ್ರಣ ಎರಡು ಬಾಂಡ್ಲಿ ಕೆಂಪು ಮಣ್ಣಿಗೆ ಒಂದು ಬಾಂಡ್ಲಿ ಮರಳು, ಒಂದು ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್. ಎಂ-ಸ್ಯಾಂಡ್ ಆದರೂ ನಡೆಯುತ್ತದೆ, ಆದರೆ ತೊಳೆದದ್ದಾಗಿರಲಿ, ಅದರ ನುಣ್ಣನೆಯ ಪುಡಿ ನೀರು ಕಟ್ಟಿಸುತ್ತದೆ. ಗೊಬ್ಬರ ಮುಷ್ಟಿಯಲ್ಲಿ ಹಿಡಿದರೆ ಬಿಸಿಯಿರಬಾರದು, ಸಗಣಿ ವಾಸನೆ ಬರಬಾರದು. ಹಸಿ ಗೊಬ್ಬರದ ಜೊತೆಗೆ ಗೊಣ್ಣೆಹುಳವೂ ಬರುತ್ತದೆ. ಹತ್ತು ಚದರಡಿಗೆ ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ. ಇಪ್ಪತ್ತಡಿ ಉದ್ದ, ಎರಡೂವರೆ ಅಡಿ ಅಗಲದ ಮಡಿಗೆ ಸುಮಾರು 33 ಘನ ಅಡಿ ಮಿಶ್ರಣ ಬೇಕು, ಅಂದರೆ ಎರಡು-ಮೂರು ಗೂಡ್ಸ್ ಆಟೊ. ಒಂದೇ ಆಟೊದಲ್ಲಿ ತರಿಸಿ ಅರ್ಧಕ್ಕೇ ನಿಲ್ಲಿಸುವವರೇ ಹೆಚ್ಚು.

ಕೊನ್ನಾರಿಗೆ ಮೂರು ವಾರ ಕೊಡಿ

ಮಣ್ಣು ತುಂಬಿದ ಕೂಡಲೇ ನೆಡುವ ಆತುರ ಬೇಡ. ಹೊರಗಿನಿಂದ ಬಂದ ಕೆಂಪು ಮಣ್ಣಿನಲ್ಲಿ ಕೊನ್ನಾರಿ ಗಡ್ಡೆ, ಕೆಲವು ಕಡೆ ಜೇಕು ಎನ್ನುತ್ತಾರಲ್ಲ ಅದು, ಇದ್ದೇ ಇರುತ್ತದೆ. ಅದರ ಎಲೆಯೂ ಸಣ್ಣ, ಮಾಂಡೊ ಎಲೆಯೂ ಸಣ್ಣ. ಒಳಗೆ ಸೇರಿಕೊಂಡ ಮೇಲೆ ಬೇರ್ಪಡಿಸುವುದು ಅಕ್ಕಿಯಲ್ಲಿ ಬಿಳಿಕಲ್ಲು ಆರಿಸಿದ ಹಾಗೆ.

ಮಡಿಗೆ ನೀರು ಹಾಕಿ ಬಿಟ್ಟುಬಿಡಿ. ಒಂದು ವಾರಕ್ಕೆ ಕೊನ್ನಾರಿಯ ಮೊನೆಗಳು ಏಳುತ್ತವೆ. ಕೈಯಿಂದ ಕಿತ್ತರೆ ಎಲೆ ಮಾತ್ರ ಕೈಗೆ ಬರುತ್ತದೆ, ಗಡ್ಡೆ ಒಳಗೇ ನಗುತ್ತಿರುತ್ತದೆ. ಕುರ್ಪಿಯನ್ನು ಪಕ್ಕದಲ್ಲಿ ಆಳಕ್ಕೆ ಚುಚ್ಚಿ ಮಣ್ಣು ಸಡಿಲಿಸಿ, ದಾರದಂಥ ಬೇರನ್ನು ಹಿಂಬಾಲಿಸಿ ಕರಿಯ ಗಡ್ಡೆಯನ್ನು ಹೊರತೆಗೆಯಿರಿ. ಅದರ ಆಚೆ ಇನ್ನೊಂದು ದಾರ, ಇನ್ನೊಂದು ಗಡ್ಡೆ ಇರುತ್ತದೆ. ಎಲ್ಲವನ್ನೂ ಬಕೆಟಿಗೆ ಹಾಕಿ ಹೊರಗೆ ಸಾಗಿಸಿ, ಕಾಂಪೋಸ್ಟ್ ಗುಂಡಿಗಲ್ಲ. ಮತ್ತೆ ನೀರು, ಮತ್ತೆ ಒಂದು ವಾರ. ಮೂರನೆಯ ಸುತ್ತಿಗೆ ಬೆರಳೆಣಿಕೆಯಷ್ಟು ಉಳಿದಿದ್ದರೆ ನೆಡಬಹುದು. ಗರಿಕೆ, ಹುಳಿಸೊಪ್ಪು ಕೂಡ ಇದೇ ಸುತ್ತಿನಲ್ಲಿ ಹೋಗುತ್ತವೆ. ನೆಟ್ಟ ಮೇಲೆ ಕಳೆನಾಶಕ ಹೊಡೆಯುವ ಯೋಚನೆ ಮಾಡಬೇಡಿ. ಗ್ಲೈಫೋಸೇಟಿಗೆ ಕೊನ್ನಾರಿಯೂ ಒಂದೇ ಮಾಂಡೊವೂ ಒಂದೇ.

ಎಷ್ಟು ಗಿಡ, ಹೇಗೆ ಒಡೆಯುವುದು

ಸಾಧಾರಣ ಮಾಂಡೊ ಆರು ಇಂಚಿಗೊಂದು, ಕುಳ್ಳ ಮಾಂಡೊ ನಾಲ್ಕು ಇಂಚಿಗೊಂದು. ಆರು ಇಂಚಿನ ಲೆಕ್ಕದಲ್ಲಿ ಚದರಡಿಗೆ ನಾಲ್ಕು, ನಾಲ್ಕು ಇಂಚಿನದಕ್ಕೆ ಒಂಬತ್ತು. ಮೇಲೆ ಹೇಳಿದ ಐವತ್ತು ಚದರಡಿಗೆ ಸಾಧಾರಣದ್ದು ಇನ್ನೂರು, ಕುಳ್ಳದ್ದು ನಾನೂರ ಐವತ್ತು. ಸಂಖ್ಯೆ ಕೇಳಿ ಗಾಬರಿ ಬೇಡ, ಇದು ಕವರುಗಳ ಲೆಕ್ಕವಲ್ಲ, ತುಂಡುಗಳ ಲೆಕ್ಕ. ತುಂಬಿದ ಒಂದು ಕವರಿನಿಂದ ನಾಲ್ಕೈದು ತುಂಡು ಸಿಗುತ್ತವೆ, ಹಾಗಾಗಿ ಇನ್ನೂರಕ್ಕೆ ನಲವತ್ತು-ಐವತ್ತು ಕವರು ಸಾಕು. ಗುತ್ತಿಗೆಗೆ ತೋಟ ಮಾಡಿಕೊಡುವವರು ಕವರು ಒಡೆಯದೆ ಹಾಗೆಹಾಗೇ ಒತ್ತೊತ್ತಾಗಿ ಕೂರಿಸುತ್ತಾರೆ. ಅವತ್ತೇ ತುಂಬಿದಂತೆ ಕಾಣುತ್ತದೆ, ಬಿಲ್ಲೂ ಹಾಗೇ ತುಂಬಿರುತ್ತದೆ. ದುಡ್ಡು ಇನ್ನೂ ಉಳಿಸಬೇಕೆಂದರೆ ಈ ವರ್ಷ ಹತ್ತು ಕವರು ತಂದು ಒಡೆದು ಒಂದು ಮೂಲೆಯಲ್ಲಿ ಸಾಕಿಕೊಳ್ಳಿ. ಆರೈಕೆ ಚೆನ್ನಾಗಿದ್ದರೆ ಮುಂದಿನ ಜೂನಿಗೆ ಅವೇ ಮತ್ತೆ ಒಡೆಯುವಷ್ಟಾಗಿರುತ್ತವೆ.

ನೆಡುವ ಕಾಲ ಜೂನ್. ಎರಡು ಮಳೆ ಬಿದ್ದು ಮಣ್ಣು ತಣಿದಿರಬೇಕು. ಬೆಂಗಳೂರಿನಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಾದ್ದರಿಂದ ಜೂನಿನಲ್ಲಿ ನೆಟ್ಟದ್ದಕ್ಕೆ ಬೇರೂರಲು ಐದು ತಿಂಗಳು ಸಿಗುತ್ತದೆ.

ಹಿಂದಿನ ರಾತ್ರಿ ಕವರುಗಳಿಗೆ ನೀರು ಹಾಕಿಡಿ. ಕವರು ಸೀಳಿ ತೆಗೆದು, ಮಣ್ಣುಂಡೆಯನ್ನು ನೀರು ತುಂಬಿದ ಬಕೆಟಿನಲ್ಲಿ ಅದ್ದಿ ಮೆಲ್ಲಗೆ ಅಲ್ಲಾಡಿಸಿ. ಮಣ್ಣು ಕರಗಿದಂತೆ ಬೇರು ಕಾಣಿಸುತ್ತದೆ: ಹಳದಿ-ಬಿಳಿ ದಾರಗಳು, ಅಲ್ಲಲ್ಲಿ ಮಣಿ ಪೋಣಿಸಿದಂತೆ ಉಬ್ಬಿದ ಪುಟ್ಟ ಗೆಡ್ಡೆಗಳು. ಗಿಡ ನೀರು ಕೂಡಿಟ್ಟುಕೊಳ್ಳುವುದು ಆ ಗೆಡ್ಡೆಯಲ್ಲಿ, ಅವನ್ನು ರೋಗವೆಂದು ಕಿತ್ತುಹಾಕಬೇಡಿ. ಈಗ ಬುಡ ನೋಡಿ. ಎಲೆಗಳು ಬೀಸಣಿಗೆಯಂತೆ ಐದಾರು ಐದಾರು ಸೇರಿ ಒಂದೊಂದು ಗುಂಪಾಗಿರುತ್ತವೆ. ಎರಡು ಹೆಬ್ಬೆರಳನ್ನು ಎರಡು ಗುಂಪಿನ ನಡುವೆ ಇಟ್ಟು ಹೊರಗೆ ಒತ್ತಿದರೆ ಪಟ್ ಎಂದು ಬಿಡಿಸಿಕೊಳ್ಳುತ್ತದೆ. ಬರದಿದ್ದರೆ ಹಳೆಯ ತರಕಾರಿ ಚಾಕುವಿನಿಂದ ಬುಡ ಮಾತ್ರ ಸೀಳಿ, ಬೇರುಗಳನ್ನು ಕೈಯಿಂದ ಬಿಡಿಸಿ. ಒಂದು ತುಂಡಿಗೆ ಕನಿಷ್ಠ ಮೂರು ಬೀಸಣಿಗೆ, ಕೆಳಗೆ ಒಂದಷ್ಟು ಬೇರು ಇರಲಿ. ಒಂದೇ ಬೀಸಣಿಗೆ ಮಾಡಿ ಲೆಕ್ಕ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. ಅವು ಸಾಯುವುದಿಲ್ಲ, ಆದರೆ ವರ್ಷವಿಡೀ ನೆಟ್ಟ ಹಾಗೇ ನಿಂತಿರುತ್ತವೆ. ಎಲೆಯ ಮೂರನೆಯ ಒಂದು ಪಾಲು ಕತ್ತರಿಯಿಂದ ಕತ್ತರಿಸಿ. ಅರ್ಧ ಬೇರಿಗೆ ಪೂರ್ತಿ ಎಲೆ ಸಾಕುವ ಭಾರ ಬೇಡ.

ಮಡಿಗೆ ದಾರ ಕಟ್ಟಿ, ಮೊದಲ ಸಾಲಿನ ನಡುವಿನ ಜಾಗಕ್ಕೆ ಎರಡನೆಯ ಸಾಲಿನ ಗಿಡ ಬರುವಂತೆ ಓರೆಯಾಗಿ ನೆಡಿ. ಬೇಗ ಮುಚ್ಚಿಕೊಳ್ಳುತ್ತದೆ, ಸಾಲು ಎದ್ದು ಕಾಣುವುದಿಲ್ಲ. ಬೇರು ಕೆಳಮುಖವಾಗಿ ಹರಡುವಷ್ಟು ಗುಣಿ ಮಾಡಿ, ಎಲೆ ಹೊರಡುವ ಬಿಳಿ ಬುಡ ಮಣ್ಣಿನ ಮಟ್ಟಕ್ಕೆ ಸರಿಯಾಗಿರಲಿ. ಒಳಗೆ ಹೂತರೆ ಕೊಳೆಯುತ್ತದೆ, ಮೇಲೆ ನಿಂತರೆ ಒಣಗುತ್ತದೆ. ಎರಡು ಬೆರಳಿನಿಂದ ಸುತ್ತ ಒತ್ತಿ, ಒಂದು ಎಲೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಗಿಡವೇ ಎದ್ದು ಬಂದರೆ ಒತ್ತಿದ್ದು ಸಾಲದು. ಗಿಡಗಳ ನಡುವೆ ಖಾಲಿ ಇರುವ ಮಣ್ಣಿಗೆ ಒಂದು ಇಂಚು ತೆಂಗಿನ ನಾರಿನ ಪುಡಿ ಅಥವಾ ತರಗೆಲೆ ಹರಡಿ, ಬುಡಕ್ಕೆ ತಾಗದಂತೆ.

ನಡೆದಾಡುವ ದಾರಿಯಾದರೆ ನೆಡುವ ಮೊದಲೇ ಹಾಸುಗಲ್ಲು ಕೂರಿಸಿ. ಅಪರೂಪಕ್ಕೆ ಕಾಲಿಟ್ಟರೆ ಮಾಂಡೊ ಏಳುತ್ತದೆ, ದಿನಾ ಬಟ್ಟೆ ಒಣಗಿಸಲು ಹೋಗುವ ದಾರಿಯಲ್ಲಿ ಏಳುವುದಿಲ್ಲ.

ನೀರು

ಮೊದಲ ಎರಡು ತಿಂಗಳು ಮಳೆ ಬಾರದಿದ್ದರೆ ದಿನ ಬಿಟ್ಟು ದಿನ ನೀರು ಬೇಕು. ಬೆರಳು ಎರಡು ಗೆಣ್ಣಿನಷ್ಟು ಮಣ್ಣಿಗೆ ತೂರಿಸಿ, ಒಳಗೆ ತಂಪಿದ್ದರೆ ಅವತ್ತು ಬಿಡಿ. ವರ್ಷ ದಾಟಿದ ಮೇಲೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಚಳಿಗಾಲದಲ್ಲಿ ಒಂದು ಸಲ ಸಾಕು. ಲಾನಿಗೆ ಹೋಲಿಸಿದರೆ ಇದು ಏನೂ ಅಲ್ಲ.

ಯಾವ ನೀರು ಎಂಬುದು ಎಷ್ಟು ನೀರು ಎಂಬುದಕ್ಕಿಂತ ಮುಖ್ಯ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಆಗ ಅನೇಕ ಮನೆಗಳಲ್ಲಿ ಆರ್‌ಒ ಯಂತ್ರದ ತ್ಯಾಜ್ಯ ನೀರನ್ನು ಗಿಡಗಳಿಗೆ ತಿರುಗಿಸಿದರು. ಮನಸ್ಸು ಒಳ್ಳೆಯದೇ. ಆದರೆ ಯಂತ್ರ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ನೀರಿನಲ್ಲೇ ಇರುತ್ತದೆ. ಬೋರ್‌ವೆಲ್ ನೀರಿನ ಮನೆಯಲ್ಲಂತೂ ಕೇಳುವುದೇ ಬೇಡ. ಮಾಂಡೊಗೆ ಅದನ್ನು ತಿಂಗಳುಗಟ್ಟಲೆ ಹಾಕಿದರೆ ಎಲೆತುದಿ ಕಂದಾಗುತ್ತ ಕೆಳಗಿಳಿಯುತ್ತದೆ. ಆ ನೀರು ನೆಲ ಒರೆಸಲು, ಶೌಚಾಲಯಕ್ಕೆ ಹೋಗಲಿ. ವಾಷಿಂಗ್ ಮೆಷಿನ್ನಿನ ಸೋಪುನೀರೂ ಬೇಡ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪು ಇಲ್ಲವೇ ಇಲ್ಲ ಎನ್ನಬಹುದು, ಅದರ ಪೈಪನ್ನೇ ಮಡಿಗೆ ತಿರುಗಿಸಿದರೆ ಬೇಸಿಗೆಯ ಅರ್ಧ ಚಿಂತೆ ಮುಗಿಯಿತು. ಬೋರ್‌ವೆಲ್ ಬಿಟ್ಟರೆ ಗತಿಯಿಲ್ಲದವರು ಮಳೆಗಾಲದಲ್ಲಿ ತಾರಸಿಯ ನೀರು ಮಡಿಯ ಮೇಲೆ ಹರಿದುಹೋಗುವಂತೆ ಮಾಡಿದರೆ ವರ್ಷದ ಉಪ್ಪು ತೊಳೆದುಹೋಗುತ್ತದೆ.

ಗೊಬ್ಬರ, ಕತ್ತರಿ

ಇದರ ಹೊಟ್ಟೆ ಸಣ್ಣದು. ಮಳೆಗಾಲ ಶುರುವಿಗೆ ಒಮ್ಮೆ, ಮುಗಿಯುವಾಗ ಒಮ್ಮೆ, ಹತ್ತು ಚದರಡಿಗೆ ಒಂದು ಕೆಜಿ ಎರೆಗೊಬ್ಬರ ಉದುರಿಸಿ ನೀರು ಹಾಕಿದರೆ ಸಾಕು. ಯೂರಿಯಾ ಕೊಟ್ಟರೆ ಎಲೆ ಮೆತ್ತಗಾಗಿ ಬಾಗುತ್ತದೆ.

ಸಾಧಾರಣ ಮಾಂಡೊಗೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮುನ್ನ ಮೇ ಕೊನೆಯಲ್ಲಿ, ಬೇಸಿಗೆಯಲ್ಲಿ ಸುಟ್ಟ ಎಲೆಗಳನ್ನು ಮೂರು ಇಂಚಿಗೆ ಕತ್ತರಿಸಬಹುದು. ಬುಡದ ನಡುವಿನ ಎಳೆ ಮೊಳಕೆಗೆ ಕತ್ತರಿ ತಾಗಬಾರದು. ಎಲೆ ಚೆನ್ನಾಗಿದ್ದರೆ ಆ ಕೆಲಸವೂ ಬೇಡ. ಕುಳ್ಳ ಜಾತಿಗೆ ಕತ್ತರಿಯ ಮಾತೇ ಇಲ್ಲ.

ಕಾಟಗಳು

ಆಫ್ರಿಕನ್ ಬಸವನಹುಳು ಬೆಂಗಳೂರಿನ ತೋಟದವರಿಗೆಲ್ಲ ಪರಿಚಿತ. ಮಾಂಡೊವನ್ನು ತಿನ್ನುವುದಕ್ಕಿಂತ ಹಗಲಲ್ಲಿ ಅದರ ದಟ್ಟ ಬುಡದಲ್ಲಿ ಅಡಗಿದ್ದು ರಾತ್ರಿ ಪಕ್ಕದ ಪಪ್ಪಾಯ, ದಾಸವಾಳದ ಮೇಲೆ ದಾಳಿ ಮಾಡುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆ ಅಥವಾ ಎಲೆಕೋಸಿನ ಚೂರು ಇಟ್ಟುಬಿಡಿ. ಬೆಳಗ್ಗೆ ಚೀಲ ಎತ್ತಿದರೆ ಎಲ್ಲ ಅಲ್ಲೇ ಸೇರಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಅವು ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳುವನ್ನು ಹೊತ್ತಿರಬಹುದು. ಕೈಗವಸು ಹಾಕಿ ಹೆಕ್ಕಿ, ಗಟ್ಟಿ ಉಪ್ಪುನೀರಿನ ಬಕೆಟಿಗೆ ಹಾಕಿ. ಉಪ್ಪನ್ನು ಮಡಿಯ ಮೇಲೆ ಚೆಲ್ಲುವವರಿದ್ದಾರೆ. ಹುಳು ಸಾಯುತ್ತದೆ, ಜೊತೆಗೆ ಮಾಂಡೊವೂ.

ಶಲ್ಕ ಕೀಟ ಕಂಡರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ದ್ರವ ಸೋಪು ಬೆರೆಸಿ ಸಂಜೆ ಹೊತ್ತು ಎಲೆಯ ಬುಡಕ್ಕೆ, ಹಿಂಬದಿಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಎಲೆ ಹಿಡಿದು ಎಳೆದರೆ ಬುಡದಿಂದ ಕಂದಾಗಿ ಕಳಚಿ ಬರುತ್ತಿದ್ದರೆ ಅದು ಬುಡಕೊಳೆ. ಅದಕ್ಕೆ ಔಷಧಿಯ ಅಂಗಡಿಗೆ ಓಡುವ ಮೊದಲು ನೀರು ಎಲ್ಲಿ ನಿಲ್ಲುತ್ತಿದೆ ನೋಡಿ. ಆ ಗುಂಪನ್ನು ಮಣ್ಣು ಸಮೇತ ಎತ್ತಿ ಬಿಸಾಡಿ, ಪಕ್ಕದವಕ್ಕೆ ನೀರು ಕಡಿಮೆ ಮಾಡಿ.

ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ ಬೇರೆಯೇ: "ಇದರಲ್ಲಿ ಹಾವು ಸೇರಿಕೊಳ್ಳಲ್ವಾ?" ನ್ಯಾಯವಾದ ಪ್ರಶ್ನೆ. ಹಾವು ಬರುವುದು ಇಲಿ, ಕಪ್ಪೆಯ ಹಿಂದೆ. ಮೊಳಕಾಲುದ್ದ ಬೆಳೆದ ಯಾವ ಪೊದೆಯೂ ಅದಕ್ಕೆ ಮರೆ. ಬಾಗಿಲ ಬಳಿ, ಮಕ್ಕಳು ಓಡಾಡುವ ಕಡೆ ಕುಳ್ಳ ಮಾಂಡೊ ಹಾಕಿದರೆ ನೆಲವೇ ಕಾಣುವಷ್ಟು ಗಿಡ್ಡವಾಗಿರುತ್ತದೆ. ಎತ್ತರದ ಲಿರಿಯೋಪನ್ನು ಅಲ್ಲಿಗೆ ತರಬೇಡಿ. ಕಾಂಪೌಂಡಿನ ಮೂಲೆಯಲ್ಲಿ ವರ್ಷಗಟ್ಟಲೆ ಪೇರಿಸಿಟ್ಟ ಇಟ್ಟಿಗೆ, ಸೆಂಟ್ರಿಂಗ್ ಹಲಗೆಗಳನ್ನು ಮೊದಲು ಸಾಗಿಸಿ. ನಿಜವಾದ ಮರೆ ಇರುವುದು ಅಲ್ಲಿ.

ಊರಿಗೆ ತಕ್ಕಂತೆ

ಮೇಲಿನ ಲೆಕ್ಕವೆಲ್ಲ ಬೆಂಗಳೂರು, ಮೈಸೂರು, ತುಮಕೂರು, ಹಾಸನದ ಹವೆಗೆ. ಮಲೆನಾಡಿನವರಿಗೆ ಇದು ಕಷ್ಟವೇ ಅಲ್ಲ, ಕಾಫಿ ತೋಟದ ನೆರಳಿನಲ್ಲಿ ಕೇಳುವವರಿಲ್ಲದೆ ಬೆಳೆಯುತ್ತದೆ. ಮಂಗಳೂರು, ಉಡುಪಿ ಕಡೆ ವರ್ಷಕ್ಕೆ ಮೂರೂವರೆ ಮೀಟರಿನಷ್ಟು ಮಳೆ ಸುರಿಯುವುದರಿಂದ ಮಡಿ ಆರು ಇಂಚು ಏರಿಸಲೇಬೇಕು. ನೆಡುವುದಕ್ಕೂ ಜೂನ್-ಜುಲೈ ಬೇಡ, ಮಣ್ಣೇ ಕೊಚ್ಚಿಹೋಗುತ್ತದೆ, ಸೆಪ್ಟೆಂಬರ್ ಸರಿ. ಮುರಕಲ್ಲಿನ ಮಣ್ಣು ಹುಳಿ ಗುಣದ್ದಾದ್ದರಿಂದ ಬಣ್ಣ ಮಾತ್ರ ಅಲ್ಲಿ ಚೆಂದ ಬರುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಎರೆಮಣ್ಣು ಮಳೆಗೆ ಅಂಟು, ಬಿಸಿಲಿಗೆ ಬಿರುಕು. ಅಲ್ಲಿನ ಬಯಲಿಗೆ ಮಾಂಡೊ ಹಾಕಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಮನೆಯ ಬಡಗು ಗೋಡೆಯ ನೆರಳಿನಲ್ಲಿ ಕುಂಡದಲ್ಲಿಟ್ಟು ನೋಡಬಹುದು.

ಬಿಸಿಲು ಧಾರಾಳವಿದ್ದು ಹುಲ್ಲಿನ ನೋಟವೇ ಬೇಕು ಎನ್ನುವವರಿಗೆ ರೇನ್ ಲಿಲಿ ಇದೆ. ಎಲೆ ಮಾಂಡೊದಂತೆಯೇ ಸಣ್ಣ, ಬಿಸಿಲನ್ನು ಕೇಳಿ ಪಡೆಯುತ್ತದೆ, ಮಳೆ ಬಿದ್ದ ನಾಲ್ಕೈದು ದಿನಕ್ಕೆ ಬಿಳಿ, ಗುಲಾಬಿ, ಹಳದಿ ಹೂಗಳು ಒಟ್ಟಿಗೆ ಏಳುತ್ತವೆ. ಗೆಡ್ಡೆಗಳನ್ನು ಏಪ್ರಿಲ್-ಮೇನಲ್ಲಿ ಎರಡು ಇಂಚು ಆಳಕ್ಕೆ, ಮೂರು ಇಂಚಿಗೊಂದರಂತೆ ಊರಿ. ಗೆಡ್ಡೆ ವಿಷ, ಮಣ್ಣು ಕೆದರುವ ನಾಯಿಮರಿ ಮನೆಯಲ್ಲಿದ್ದರೆ ಬೇಡ. ವೆಡೆಲಿಯಾ ಎಂಬ ಹಳದಿ ಹೂವಿನ ಬಳ್ಳಿಯನ್ನು ಪುಕ್ಕಟೆ ಕೊಡಲು ಬರುವವರಿದ್ದಾರೆ. ತೆಗೆದುಕೊಳ್ಳಬೇಡಿ, ಅದು ನಿಮ್ಮ ಅಂಗಳ ಮುಗಿಸಿ ಚರಂಡಿ ದಾಟಿ ಪಕ್ಕದ ಖಾಲಿ ಸೈಟನ್ನೂ ಹಿಡಿಯುತ್ತದೆ.